ಸಂಡೂರಿನ ಪಟ್ಟೆಕಲ್ಲನ್ನು ಓದುವುದು ಹೇಗೆ

ಸಂಡೂರಿನ ಬೆಟ್ಟಸಾಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ನಾನು ಮೊದಲು ಹೇಳುವ ಮಾತು: ಕಲ್ಲಿನ ಮೇಲಿನ ಕೆಂಪಿಗೆ ಮರುಳಾಗಬೇಡಿ, ಪಟ್ಟೆ ಹುಡುಕಿ. ಅಲ್ಲಿ ಕೆಮ್ಮಣ್ಣಿನ ಧೂಳು ಮೆತ್ತದ ಕಲ್ಲೇ ಇಲ್ಲ. ಕಬ್ಬಿಣ ತುಂಬಿದ, ಪಟ್ಟೆಪಟ್ಟೆಯಾದ ಶಿಲೆಯೇ ನಾವು ಹುಡುಕುವ ಪಟ್ಟೆಕಲ್ಲು. ರಸ್ತೆ ಬದಿಯ ತುಂಡೊಂದನ್ನು ಎತ್ತಿಕೊಂಡು ಚೆನ್ನಾಗಿ ತೊಳೆಯಿರಿ. ಅನುಮತಿಯಿಲ್ಲದೆ ಗಣಿಯೊಳಗೆ ಕಾಲಿಡುವುದು ಬೇಡ.

ಒದ್ದೆಯಾದ ಕೂಡಲೇ ಪಟ್ಟೆಗಳು ಎದ್ದು ಕಾಣುತ್ತವೆ: ಉಕ್ಕಿನ ಬೂದು ಬಣ್ಣದ್ದೊಂದು, ಪಕ್ಕದಲ್ಲಿ ಬಿಳಿಯದೋ ಇಟ್ಟಿಗೆಗೆಂಪಿನದೋ ಇನ್ನೊಂದು, ಮತ್ತೆ ಬೂದು. ಕೆಲವು ಕೂದಲೆಳೆಯಷ್ಟು ತೆಳು, ಕೆಲವು ಬೆರಳಿನಷ್ಟು ದಪ್ಪ. ಬಿಳಿ ಪಟ್ಟೆಯ ಮೇಲೆ ಚಾಕು ಎಳೆಯಿರಿ. ಕಲ್ಲು ಗೀರುವುದಿಲ್ಲ, ಚಾಕುವಿನ ಲೋಹವೇ ಸವೆದು ಮಿರುಗುವ ಗೆರೆಯಾಗಿ ಅಂಟುತ್ತದೆ. ಅದು ಸಿಲಿಕಾ, ಬೆಣಚುಕಲ್ಲಿನ ವಸ್ತು. ಬೂದು ಪಟ್ಟೆಯನ್ನು ಟೈಲ್‌ನ ಹೊಳಪಿಲ್ಲದ ಹಿಂಬದಿಗೆ ಉಜ್ಜಿ. ಕೆಂಗಂದು ಗೆರೆ ಮೂಡಿದರೆ ಹೆಮಟೈಟ್; ಗೆರೆ ಕಪ್ಪಾಗಿದ್ದು ಅಯಸ್ಕಾಂತವೂ ಕಚ್ಚಿಕೊಂಡರೆ ಮ್ಯಾಗ್ನೆಟೈಟ್. ಎರಡೂ ಕಬ್ಬಿಣದ ಖನಿಜಗಳೇ.

ಇವು ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಪದರಗಳು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಉಗುಳಿದ ಕಬ್ಬಿಣ ನೀರಿನಲ್ಲಿ ಕರಗಿಯೇ ಉಳಿಯುತ್ತಿತ್ತು. ಅದು ಉತ್ಕರ್ಷಣಗೊಂಡಾಗ, ಅಂದರೆ ತುಕ್ಕಿನಂಥ ರೂಪಕ್ಕೆ ತಿರುಗಿದಾಗ ಮಾತ್ರ ಕರಗದ ಕಣಗಳಾಗಿ ತಳಕ್ಕಿಳಿಯುತ್ತದೆ. ಇದನ್ನೆಲ್ಲ ಆಮ್ಲಜನಕ ಬಿಡುವ ಸಯನೋಬ್ಯಾಕ್ಟೀರಿಯಾಗಳೇ ಮಾಡಿದವು ಎಂದು ಪಾಠ ಮುಗಿಸುವುದುಂಟು. ನನಗೆ ಅಷ್ಟು ಸಾಲದು. ವಾತಾವರಣದಲ್ಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ, ಸಂಡೂರಿನ ಕಲ್ಲು ಹುಟ್ಟಿ ಬಹುಕಾಲದ ನಂತರ. ಬಿಸಿಲಿನ ಬಲದಿಂದ, ಆಮ್ಲಜನಕದ ಹಂಗಿಲ್ಲದೆ ಕಬ್ಬಿಣವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾಗಳು ಇಂದಿಗೂ ಇವೆ. ಇಷ್ಟು ಹಳೆಯ ಕಲ್ಲನ್ನು ಓದುವಾಗ ಅವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಸಿಲಿಕಾದ ಕಥೆ ಸರಳ. ಅದನ್ನು ಹೀರಿ ಚಿಪ್ಪು ಕಟ್ಟುವ ಡಯಾಟಮ್‌ನಂಥ ಜೀವಿಗಳು ಆಗ ಇನ್ನೂ ಹುಟ್ಟಿರಲಿಲ್ಲ. ಸಮುದ್ರದಲ್ಲಿ ತುಂಬಿಕೊಂಡ ಸಿಲಿಕಾ ತಾನಾಗಿಯೇ ಹೊರಬಿತ್ತು. ಆದರೆ ಪಟ್ಟೆಗಳನ್ನು ಮರದ ಉಂಗುರಗಳಂತೆ ವರ್ಷಕ್ಕೊಂದೆಂದು ಎಣಿಸಲು ಹೋಗಬೇಡಿ. ಕಣಗಳು ಕೂತ ಮೇಲೂ ಸಿಲಿಕಾ ಸರಿದಾಡಿದೆ, ಪದರಗಳು ಒತ್ತಿ ಮಡಚಿಕೊಂಡಿವೆ.

ಇನ್ನು ಅದಿರು. ಬಿಳಿ ಪಟ್ಟೆ ಇರಬೇಕಾದ ಕಡೆ ಬರೀ ಸಂದು, ತೂತುಗಳಿರುವ ತುಂಡೊಂದನ್ನು ಹುಡುಕಿ. ಇದು ಸಮುದ್ರದ ಕೆಲಸವಲ್ಲ. ಬಹಳ ತಡವಾಗಿ, ಮೇಲಿನಿಂದ ಇಳಿದ ನೀರು ಸಿಲಿಕಾವನ್ನು ಕರಗಿಸಿ ಒಯ್ದಿದ್ದರ ಗುರುತು. ಮೂಲ ಶಿಲೆಯಲ್ಲಿ ನೂರಕ್ಕೆ 30ರ ಆಸುಪಾಸಿನಲ್ಲಿರುವ ಕಬ್ಬಿಣ, ಹೀಗೆ ತೊಳೆದುಹೋದಲ್ಲಿ 60 ದಾಟುತ್ತದೆ. ಸಂಡೂರು ಬಳಿಯ ದೋಣಿಮಲೈ ಗಣಿಯಲ್ಲಿ ಅಗೆಯುವುದು ಇಂಥ ಅದಿರನ್ನು. ಕುದುರೆಮುಖದ್ದು ಸಿಲಿಕಾ ಬೆರೆತ ಮ್ಯಾಗ್ನೆಟೈಟ್ ಕಲ್ಲು. ಗಣಿ ನಡೆಯುತ್ತಿದ್ದಾಗ ಅದನ್ನು ನುಣ್ಣಗೆ ಅರೆದು ಕಬ್ಬಿಣದ ಭಾಗವನ್ನು ಬೇರ್ಪಡಿಸಬೇಕಾಗಿತ್ತು.