ಗಟ್ಟಿ ಸುಣ್ಣದಕಲ್ಲಿಂದ ಮೀನಿನ ಹಲ್ಲು ಬಿಡಿಸೋದು – ನನ್ನ ಅನುಭವ

ದಾವಣಗೆರೆಯಲ್ಲಿ ಮನೇಲೇ ಪಳೆಯುಳಿಕೆ ತೆಗೀತೀನಿ ಅಂದ್ರೆ ಎಲ್ರೂ ಮೊದ್ಲು ಕೇಳೋದು, ನಮ್ ದುರ್ಗದ ಕಲ್ಲಲ್ಲೇ ಸಿಗುತ್ತಾ ಅಂತ. ಸಿಗಲ್ಲ. ವಾಣಿವಿಲಾಸ ಸಾಗರ, ಭೀಮಸಮುದ್ರದ ಕಡೆ ಸುಣ್ಣದಕಲ್ಲು ಇದೆ, ಅದ್ರಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟೂ ಇದೆ, ಆದ್ರೆ ಆ ಕಲ್ಲು 250 ಕೋಟಿ ವರ್ಷಕ್ಕಿಂತ ಹಳೇದು, ಆಗ ಚಿಪ್ಪು ಹಲ್ಲು ಮೂಳೆ ಇರೋ ಪ್ರಾಣಿನೇ ಹುಟ್ಟಿರಲಿಲ್ಲ. ಆಸಿಡ್‌ಗೆ ಹಾಕಿದ್ರೆ ಇರೋ ಪದರಾನೂ ಹಾಳಾಗುತ್ತೆ ಅಷ್ಟೆ. ಅದನ್ನ ಅಲ್ಲೇ ಹೋಗಿ ನೋಡ್ಕೊಂಡು ಬರ್ಬೇಕು, ಒಡೆದು ತರೋದಲ್ಲ.

ನನ್ ಕಲ್ಲು ಬರೋದು ತಮಿಳುನಾಡಿನ ಅರಿಯಲೂರಿಂದ. ನಮ್ ಭಾವ ಆ ಕಡೆ ಸಿಮೆಂಟ್ ಗಣಿಗೆ ಲಾರಿ ಓಡಿಸ್ತಾರೆ, ಅಲ್ಲಿನವರನ್ನ ಕೇಳಿ ಕ್ರಷರ್ ಪಕ್ಕ ಬಿಸಾಕಿರೋ ತುಂಡುಗಳನ್ನ ತಂದ್ಕೊಡ್ತಾರೆ. ಕ್ರಿಟೇಶಿಯಸ್ ಕಾಲದ ಸಮುದ್ರದ ತಳ ಅದು, ಅಲ್ಲಿನ ಕಲ್ಲಂಕುರಿಚ್ಚಿ ಸುಣ್ಣದಕಲ್ಲು ಸುಮಾರು 7 ಕೋಟಿ ವರ್ಷದ್ದು, ಸಿಂಪಿ ಚಿಪ್ಪು ಬರಿಗಣ್ಣಿಗೇ ಕಾಣುತ್ತೆ. ನನಗೆ ಬೇಕಾಗಿರೋದು ಮಾತ್ರ ಒಂದು ಎರಡು ಮಿಲಿಮೀಟರ್ ಮೀನಿನ ಹಲ್ಲು. ಸುತ್ತಿಗೆ ಉಳಿ ಹಿಡಿದ್ರೆ ಕಲ್ಲಿಗಿಂತ ಮೊದ್ಲು ಹಲ್ಲೇ ಪುಡಿಯಾಗುತ್ತೆ.

ಆಸಿಡ್ ಮುಟ್ಟೋಕೆ ಮುಂಚೆ ಒಂದು ವಿಷ್ಯ ತಿಳ್ಕೊಂಡಿರ್ಬೇಕು, ನೀವು ಹುಡುಕ್ತಿರೋದು ಯಾವುದ್ರಿಂದ ಆಗಿದೆ ಅಂತ. ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್, ಹಲ್ಲು ಕ್ಯಾಲ್ಸಿಯಂ ಫಾಸ್ಫೇಟ್. ಅಸೆಟಿಕ್ ಆಸಿಡ್ ಅಂದ್ರೆ ವಿನೆಗರ್‌ನಲ್ಲಿರೋದೇ, ಅದು ಕಾರ್ಬೊನೇಟನ್ನ ತಿನ್ನುತ್ತೆ, ಫಾಸ್ಫೇಟನ್ನ ಹೆಚ್ಚುಕಮ್ಮಿ ಬಿಟ್ಬಿಡುತ್ತೆ. ಟಾಯ್ಲೆಟ್ ತೊಳೆಯೋ ಆಸಿಡ್ ಇದೆಯಲ್ಲ, ಹೈಡ್ರೋಕ್ಲೋರಿಕ್, ಅದು ಬೇಗ ಕೆಲ್ಸ ಮಾಡುತ್ತೆ ಅಂತ ಸುಮಾರು ಜನ ಹೇಳ್ತಾರೆ, ಆದ್ರೆ ಅದು ಹಲ್ಲನ್ನೂ ತಿಂದ್ಹಾಕುತ್ತೆ, ಸಿಲಿಕಾ ಆಗಿ ಬದಲಾಗಿರೋ ಚಿಪ್ಪಿದ್ರೆ ಮಾತ್ರ ಅದು ಸರಿ.

ಅಸೆಟಿಕ್ಕನ್ನೂ ಹಂಗೇ ಸುರಿಯಲ್ಲ. ಕೊನೊಡಾಂಟ್ (ಅಳಿದುಹೋದ ಸಮುದ್ರಜೀವಿಗಳ ಹಲ್ಲಿನಂಥ ಸಣ್ಣ ಪಳೆಯುಳಿಕೆ) ತೆಗೆಯೋರು ಬಳಸೋ ಅಳತೆ ನಂದೂ: 10 ಲೀಟರ್‌ಗೆ 700 ಎಂಎಲ್ ಗ್ಲೇಶಿಯಲ್ ಅಸೆಟಿಕ್ (ನೀರು ಬೆರೆಸದ ಗಾಢ ಆಸಿಡ್), 6.3 ಲೀಟರ್ ನೀರು, ಉಳಿದ 3 ಲೀಟರ್ ಹಿಂದಿನ ಸಲ ಕಲ್ಲು ಕರಗಿಸಿ ಸೋಸಿಟ್ಟ ನೀರು. ಆ ಹಳೇ ನೀರಲ್ಲಿ ಕ್ಯಾಲ್ಸಿಯಂ ಅಸಿಟೇಟ್ ಇರೋದ್ರಿಂದ ಹುಳಿ ತೀರಾ ಏರಲ್ಲ, ಹಲ್ಲಿನ ಹೊಳಪು ಉಳಿಯುತ್ತೆ. ಮೊದಲ ಸಲ ಮಾಡೋರು ಯಾವುದಾದ್ರೂ ಬೇಡದ ಸುಣ್ಣದಕಲ್ಲು ಕರಗಿಸಿ ಆ ನೀರು ಇಟ್ಕೊಳ್ಳಿ. ಇಷ್ಟು ಆಸಿಡ್ ಲೆಕ್ಕದ ಪ್ರಕಾರ 600 ಗ್ರಾಂ ಆಸುಪಾಸು ಕಲ್ಲು ಕರಗಿಸುತ್ತೆ, ನಾನು 300 ಗ್ರಾಂ ಮೇಲೆ ಹಾಕಲ್ಲ. ಗ್ಲೌಸ್, ಕನ್ನಡಕ ಹಾಕ್ಕೊಂಡು ಆಸಿಡ್ಡನ್ನ ನೀರಿಗೆ ಹಾಕಿ, ನೀರನ್ನ ಆಸಿಡ್‌ಗಲ್ಲ. ಗ್ಲೇಶಿಯಲ್ ಬಾಟ್ಲಿ 40 ಡಿಗ್ರಿ ಹತ್ರ ಬೆಂಕಿ ಹಿಡಿಯೋ ಆವಿ ಬಿಡುತ್ತೆ, ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಟೆರೇಸ್ ಮೇಲೆ ಇಡ್ಲೇಬೇಡಿ, ಅಡುಗೆಮನೆ ಹತ್ರಾನೂ ಬೇಡ.

ಪ್ಲಾಸ್ಟಿಕ್ ಬಕೆಟ್ ಒಳಗೆ ಪ್ಲಾಸ್ಟಿಕ್ ತೂತಿನ ಬುಟ್ಟಿ, ಬುಟ್ಟೀಲಿ ಕಲ್ಲು. ಕರಗಿದ ಮಣ್ಣು ಕೆಳಗಿಳೀಬೇಕು, ಇಲ್ದಿದ್ರೆ ಕಲ್ಲಿನ ಮೇಲೆ ಕೆಸರು ಕೂತು ಆಸಿಡ್ ತಲುಪಲ್ಲ. ಗ್ಯಾಸ್ ಹೋಗೋಕೆ ಮುಚ್ಚಳ ಸಡಿಲ ಇರ್ಲಿ. ಗುಳ್ಳೆ ನಿಂತಾಗ ಬಕೆಟ್ ತಳದಲ್ಲಿ ಕೂತ ಮಣ್ಣನ್ನ ಜರಡಿ ಹಿಡಿಯೋದು. ಲ್ಯಾಬ್ ಜರಡಿ ದುಬಾರಿ, ಅದಕ್ಕೆ ಮಂಡಿಪೇಟೆ ಕಡೆ ಮದುವೆ ಕಾರ್ಡ್ ಸ್ಕ್ರೀನ್ ಪ್ರಿಂಟಿಂಗ್ ಮಾಡೋರ ಹತ್ರ ಹೋದೆ. "ಯಾವ ನಂಬರ್ ಮೆಶ್ ಬೇಕಣ್ಣ, ಏನ್ ಪ್ರಿಂಟ್ ಮಾಡ್ತೀರಾ?" ಅಂದ. ಕಲ್ಲು ತೊಳೀಬೇಕು ಕಣಪ್ಪ ಅಂತ ಹೇಳಿ 110 ತಗೊಂಡೆ, ಸುಮಾರು 150 ಮೈಕ್ರಾನ್ ತೂತು. ಪಿವಿಸಿ ಪೈಪ್ ತುಂಡಿಗೆ ಬಿಗಿಯಾಗಿ ಕಟ್ಟಿದ್ರೆ ಒಳ್ಳೇ ಜರಡಿ.

ಜರಡೀಲಿ ಉಳಿದಿದ್ದನ್ನ, ಕಲ್ಲು ಕರಗೋಕೆ ಎಷ್ಟು ಹೊತ್ತು ಆಗಿತ್ತೋ ಅದರ ಮೂರು ಪಟ್ಟು ಹೊತ್ತು ನೀರು ಬದಲಾಯಿಸ್ತಾ ನೆನೆಸ್ತೀನಿ. ಇದ್ರಲ್ಲಿ ಅವಸರ ಮಾಡಿದ್ರೆ ಒಣಗಿದ ಮೇಲೆ ಅಸಿಟೇಟ್ ಬಿಳಿ ಸೂಜಿ ಸೂಜಿಯಾಗಿ ಬೆಳೆದು ಹಲ್ಲನ್ನ ಒಳಗಿಂದ ಸೀಳುತ್ತೆ. ನಮ್ ಬೋರ್ ನೀರು ಗಡಸು, ಅದೂ ಬಿಳಿ ಪೊರೆ ಬಿಡುತ್ತೆ, ಹಂಗಾಗಿ ಕೊನೆ ತೊಳೆತಕ್ಕೆ ಹಿಡಿದಿಟ್ಟ ಮಳೆನೀರು.

ಆಮೇಲೆ ಕಪ್ಪು ಚಾರ್ಟ್ ಶೀಟ್ ಮೇಲೆ ತೆಳ್ಳಗೆ ಹರಡಿ, ಅಕ್ಕಸಾಲಿಗರು ಬಳಸೋ 10ಎಕ್ಸ್ ಲೆನ್ಸಲ್ಲಿ ನೋಡೋದು. ಮರಳು ಮಂಕು ಬಿಳಿ. ಅದರ ಮಧ್ಯೆ ಬೆಲ್ಲದ ಬಣ್ಣದ ಒಂದು ಚೂರು ಪಳಕ್ ಅನ್ನುತ್ತೆ, ತಿರುಗಿಸಿದ್ರೆ ತುದಿ ಚೂಪು, ಬುಡದಲ್ಲಿ ಗುಳಿ, ಎನಾಮಲ್ ಮೇಲೆ ಉದ್ದುದ್ದ ಗೀರು. ಆ ಕ್ಷಣಕ್ಕೋಸ್ಕರ ಎಷ್ಟು ಹೊತ್ತು ಬೇಕಾದ್ರೂ ಕೂರ್ತೀನಿ. ಸೊನ್ನೆ ನಂಬರ್ ಬ್ರಷ್ ಒದ್ದೆ ಮಾಡಿ ತುದಿಗೆ ಅಂಟಿಸ್ಕೊಂಡು ಎತ್ತಬೇಕು, ಚಿಮಟ ಹಿಡಿದ್ರೆ ಹಾರಿಹೋಗುತ್ತೆ. ನೀರಲ್ಲಿ ಕರಗೋ ಗೋಂದಲ್ಲೇ ಅಂಟಿಸಿ, ಮುಂದೆ ಬಿಡಿಸಿ ಇನ್ನೊಂದು ಮಗ್ಗಲು ನೋಡ್ಬಹುದು.

ಇದೇ ಕಲ್ಲಲ್ಲಿರೋ ಫೊರಾಮಿನಿಫೆರಾ (ಚಿಪ್ಪು ಕಟ್ಟೋ ಒಂದೇ ಕೋಶದ ಸಣ್ಣ ಸಮುದ್ರಜೀವಿ) ಮಾತ್ರ ಈ ದಾರೀಲಿ ಸಿಗಲ್ಲ, ಅವುಗಳ ಚಿಪ್ಪೂ ಕಾರ್ಬೊನೇಟೇ, ಕಲ್ಲಿನ ಜೊತೆ ಕರಗಿಹೋಗುತ್ತೆ. 80 ಪರ್ಸೆಂಟ್ ಅಸೆಟಿಕ್ಕಲ್ಲಿ ನೆನೆಸಿ ಬಿಡಿಸೋ ವಿಧಾನ ಇದೆ, ಆದ್ರೆ ಆ ಗಾಢ ಆಸಿಡ್ ಹೊಗೆ ಮನೆಗೆ ಆಗಿಬರೋದಲ್ಲ, ಹೊಗೆ ಹೊರಗೆ ಎಳೆಯೋ ಫ್ಯೂಮ್ ಹುಡ್ ಇರೋ ಲ್ಯಾಬಲ್ಲೇ ಮಾಡ್ಬೇಕು. ಅದಕ್ಕೆ ಪ್ರತಿ ಕಲ್ಲಿಂದ ಒಂದು ಚೂರು ಆಸಿಡ್‌ಗೆ ಹಾಕದೆ ಎತ್ತಿಟ್ಟು, ವಾಟರ್ ಪೇಪರ್ ಮೇಲೆ 220ರಿಂದ ಶುರು ಮಾಡಿ 1000ದವರೆಗೆ ಉಜ್ಜಿ ನುಣ್ಣಗೆ ಮಾಡಿ, ಮೇಲೊಂದು ಹನಿ ನೀರು ಬಿಟ್ಟು ಲೆನ್ಸ್ ಹಿಡೀತೀನಿ, ಫೊರಾಮಿನಿಫೆರಾದ ಒಳಗಿನ ಸಣ್ಣ ಸಣ್ಣ ಕೋಣೆಗಳು ಅಡ್ಡಕ್ಕೆ ಕೊಯ್ದ ಹಾಗೆ ಕಾಣ್ತಾವೆ.