ಶಿರಸಿಯ ಹೆಂಚಿನ ಮಾಡಿಗೆ ಇನ್ನೊಂದು ಬಿಂದು

ಡಿಜಿಟಲ್ ಚಿತ್ರಕಲೆಯ ಪರ್‌ಸ್ಪೆಕ್ಟಿವ್ ಟೂಲ್‌ಗಳು (ದೂರ ಹೋದಂತೆ ಚಿಕ್ಕದಾಗಿ ಕಾಣುವುದನ್ನು ಸರಿಯಾಗಿ ಬಿಡಿಸಲು ನೆರವಾಗುವ ಸಲಕರಣೆಗಳು) ತಾರಸಿ ಕಟ್ಟಡಗಳಿಗೆ ಹೇಳಿ ಮಾಡಿಸಿದಂತಿವೆ. ಕ್ಷಿತಿಜರೇಖೆಯ ಮೇಲೆ, ಗೆರೆಗಳು ಹೋಗಿ ಸೇರುವ ಎರಡು ಬಿಂದು (ವ್ಯಾನಿಶಿಂಗ್ ಪಾಯಿಂಟ್) ಇಟ್ಟರೆ ಕೆಲಸ ಮುಗಿಯಿತು. ನಮ್ಮ ಶಿರಸಿ ಸೀಮೆಯ ಹಳೇ ಮನೆ ಹಾಗಲ್ಲ, ಅಲ್ಲಿ ಅರ್ಧ ಚಿತ್ರವೇ ‘ಮಾಡು’, ಅಂದರೆ ಹೆಂಚಿನ ಇಳಿಜಾರು ಚಾವಣಿ. ಅದರ ಓರೆಗೆರೆಗಳು ಆ ಎರಡೂ ಬಿಂದುಗಳಿಗೆ ಸೇರುವುದಿಲ್ಲ.

ನಾನು ಬಳಸುವುದು ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ. ದುಡ್ಡು ಕೊಡಬೇಕಾಗಿಲ್ಲ, ಗೆರೆಗೆ ದಾರಿ ತೋರಿಸುವ ಅಸಿಸ್ಟೆಂಟ್ ಟೂಲ್ ಚೆನ್ನಾಗಿದೆ. ಅಂಗಳದಲ್ಲಿ ನಿಂತವರ ಕಣ್ಣಿನ ಎತ್ತರಕ್ಕೆ ಕ್ಷಿತಿಜರೇಖೆ ಎಳೆದು, ಝೂಮ್ ಔಟ್ ಮಾಡಿ ಕ್ಯಾನ್ವಾಸ್ ಪರದೆಯಲ್ಲಿ ಸಾಕಷ್ಟು ಚಿಕ್ಕದಾಗಿ ಕಾಣುವಂತೆ ಮಾಡಿ, ಎಡಕ್ಕೊಂದು ಬಲಕ್ಕೊಂದು ವ್ಯಾನಿಶಿಂಗ್ ಪಾಯಿಂಟನ್ನು ಕ್ಯಾನ್ವಾಸಿನ ಹೊರಗೇ ಇಡುತ್ತೇನೆ. ಒಳಗಿಟ್ಟರೆ ಮನೆಯ ಮೂಲೆ ಹಡಗಿನ ಮೂತಿಯಾಗುತ್ತದೆ. ಮಳೆಸೀಮೆಯ ಮನೆಗಳ ಸೂರು ತಗ್ಗು, ಕಣ್ಣಿಗಿಂತ ತುಸುವೇ ಮೇಲೆ. ಹಾಗಾಗಿ ಸೂರಿನ ಗೆರೆ ಹೆಚ್ಚುಕಡಿಮೆ ಅಡ್ಡಕ್ಕೇ ಮಲಗಿರುತ್ತದೆ, ನೆತ್ತಿಯ ಗೆರೆ ಮಾತ್ರ ಜೋರಾಗಿ ಇಳಿಯುತ್ತದೆ. ಈ ವ್ಯತ್ಯಾಸ ಬಾರದಿದ್ದರೆ ಅದು ರೆಸಾರ್ಟಿನ ಕಾಟೇಜು, ನಮ್ಮ ಕಡೆಯ ಮನೆಯಲ್ಲ.

ಈಗ ಮಾಡಿನ ಸರದಿ. ಉದ್ದದ ಗೋಡೆ ಎಡಬಿಂದುವಿನತ್ತ, ಮಾಡಿನ ತ್ರಿಕೋನ ಕಾಣುವ ಪಕ್ಕದ ಗೋಡೆ ಬಲಬಿಂದುವಿನತ್ತ ಹೋಗುತ್ತದೆ ಅನ್ನಿ. ಪಕ್ಕದ ಗೋಡೆಯ ಚೌಕಕ್ಕೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಸೇರುವಲ್ಲಿ ನಡು ಸಿಗುತ್ತದೆ. ಕಾಗದದ ಮೇಲೆ ಅಳೆದ ನಡುವಲ್ಲ, ಪರ್‌ಸ್ಪೆಕ್ಟಿವ್‌ನ ನಡು. ಅಲ್ಲಿಂದ ನೆಟ್ಟಗೆ ಮೇಲೇರಿ ನೆತ್ತಿಯ ಎತ್ತರ ಗುರುತಿಸಿ, ಗೋಡೆಯ ಹತ್ತಿರದ ಮೇಲ್ಮೂಲೆಯಿಂದ ನೆತ್ತಿಗೆ ಗೆರೆ ಎಳೆದು ಹಾಗೇ ಮುಂದಕ್ಕೆ ಬಿಡುತ್ತೇನೆ. ಬಲಬಿಂದುವಿನ ನೇರ ಮೇಲಿರುವ ಲಂಬರೇಖೆಯನ್ನು ಅದು ಎಲ್ಲಿ ಮುಟ್ಟುತ್ತದೋ ಅಲ್ಲಿ ಇನ್ನೊಂದು ವ್ಯಾನಿಶಿಂಗ್ ಪಾಯಿಂಟ್. ಇದಕ್ಕೆ ಬೇರೆ ಬಣ್ಣ ಕೊಡುತ್ತೇನೆ. ಎತ್ತರದ ಕಟ್ಟಡಗಳಿಗೆ ಬಳಸುವ, ಲಂಬಗೆರೆಗಳೂ ಒಂದು ಬಿಂದುವಿಗೆ ಸೇರುವ ತ್ರೀ-ಪಾಯಿಂಟ್ ಪರ್‌ಸ್ಪೆಕ್ಟಿವ್‌ಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಕಂಬಗಳೆಲ್ಲ ನೆಟ್ಟಗೇ ನಿಂತಿರುತ್ತವೆ.

ಇಷ್ಟಾದ ಮೇಲೆ ಹೆಂಚು ಹೊದೆಸುವುದು ಸಲೀಸು. ಹೆಂಚಿನ ಅಡ್ಡಸಾಲುಗಳು, ರೀಪುಗಳು (ಹೆಂಚು ಕೂರುವ ಅಡ್ಡಪಟ್ಟಿಗಳು) ಎಡಬಿಂದುವಿಗೆ. ಪಕಾಸು (ನೆತ್ತಿಯಿಂದ ಸೂರಿಗೆ ಇಳಿಯುವ ಮರದ ತೊಲೆ) ಮತ್ತು ಹೆಂಚಿನ ಉದ್ದಗೆರೆಗಳು ಈ ಮೇಲಿನ ಬಿಂದುವಿಗೆ. ಹಿಂದಿನ ಇಳಿಜಾರಿನ ಬಿಂದು ಅದೇ ಲಂಬರೇಖೆಯಲ್ಲಿ, ಕ್ಷಿತಿಜದಿಂದ ಅಷ್ಟೇ ಕೆಳಗೆ. ಎರಡೂ ಕಡೆ ಇಳಿಜಾರು ಒಂದೇ ಇದ್ದರೆ ಮಾತ್ರ. ಮುಂದಿನ ಜಗಲಿಯ ಮಾಡು ಕಡಿಮೆ ಓರೆಯದ್ದಾದರೆ ಅದರ ಬಿಂದುವೂ ಅದೇ ರೇಖೆಯಲ್ಲಿ, ಸ್ವಲ್ಪ ತಗ್ಗಿನಲ್ಲಿ ಬರುತ್ತದೆ.

ಬ್ರಷ್ ಟೂಲಿನಲ್ಲಿ ‘ಸ್ನ್ಯಾಪ್ ಟು ಅಸಿಸ್ಟೆಂಟ್ಸ್’ ಹಾಕಿದರೆ ಮಾತ್ರ ಗೆರೆ ಬಿಂದುವಿನತ್ತ ಎಳೆಯಲ್ಪಡುತ್ತದೆ. ಇಷ್ಟು ಬಿಂದುಗಳಿದ್ದಾಗ ಬ್ರಷ್ಷು ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ತಡವರಿಸುವುದುಂಟು, ಆಗ ಅಲ್ಲೇ ಇರುವ ‘ಸ್ನ್ಯಾಪ್ ಸಿಂಗಲ್’ ಬೇಕಾಗುತ್ತದೆ. ಇದೆಲ್ಲ ಕೆಳಗಿನ ಲೇಯರಿನ (ಪದರದ) ಕಚ್ಚಾಗೆರೆಗಷ್ಟೇ. ಮೇಲಿನ ಲೇಯರಿನಲ್ಲಿ ಸ್ನ್ಯಾಪ್ ತೆಗೆದುಹಾಕಿ ಕೈಯಲ್ಲೇ ತಿದ್ದುತ್ತೇನೆ. ಎಷ್ಟೋ ಮಳೆಗಾಲ ಕಂಡ ಮಾಡಿನ ನೆತ್ತಿ ನಡುವಲ್ಲಿ ಕೊಂಚ ಕುಸಿದಿರುತ್ತದೆ, ಅದನ್ನು ಯಾವ ಅಸಿಸ್ಟೆಂಟೂ ಎಳೆದುಕೊಡುವುದಿಲ್ಲ.