ಕಾಳಿ ಅಳಿವೆಯಲ್ಲಿ ಡಾಲ್ಫಿನ್ ನೋಡಲು ನಾನು ಹೋಗುವ ಬಗೆ

ಕಾರವಾರಕ್ಕೆ ಹೊರಟವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಡಾಲ್ಫಿನ್ ಕಾಣುತ್ತದಾ? ಬಹುಮಟ್ಟಿಗೆ ಕಾಣುತ್ತದೆ. ಇಲ್ಲಿ ಹೆಚ್ಚಾಗಿ ಸಿಗುವುದು ಬೆನ್ನ ಮೇಲೆ ಗೂನು ಇರುವ ಜಾತಿ, ದಂಡೆಯನ್ನು ನೆಚ್ಚಿಕೊಂಡು ಬದುಕುವಂಥದ್ದು. ಇಪ್ಪತ್ತು ಇಪ್ಪತ್ತೈದು ಮೀಟರಿಗಿಂತ ಆಳದ ನೀರಿಗೆ ಅದು ಹೋಗುವುದು ಕಡಿಮೆ. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮೀನು ಹೇರಳವಾದ್ದರಿಂದ ಅಲ್ಲೇ ಸುತ್ತುತ್ತಿರುತ್ತದೆ. ಕೋಡಿಬಾಗ, ದೇವಬಾಗ, ಆಚೆ ಕೂರ್ಮಗಡ ದ್ವೀಪ, ಇದಿಷ್ಟೂ ಅದು ದಿನಾ ಓಡಾಡುವ ಜಾಗ. ಆದರೆ ದೋಣಿಗೆ ಹೆದರಿ ಓಡುವ ಬೆನ್ನು ನೋಡುವುದಕ್ಕೂ, ಮೀನು ಹಿಡಿಯುತ್ತ ಮರಿ ಜೊತೆ ತನ್ನ ಪಾಡಿಗೆ ತಾನಿರುವ ಡಾಲ್ಫಿನ್ ನೋಡುವುದಕ್ಕೂ ಅಜಗಜಾಂತರ. ಎರಡರಲ್ಲಿ ನಿಮಗೆ ಯಾವುದು ಸಿಗುತ್ತದೆ ಎನ್ನುವುದು ದೋಣಿ ಹತ್ತುವ ಮೊದಲೇ, ದಂಡೆಯ ಮೇಲಿನ ಮಾತುಕತೆಯಲ್ಲೇ ತೀರ್ಮಾನವಾಗಿರುತ್ತದೆ.

ನಮ್ಮದು ಶಿರಸಿ ಕಡೆ. ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗಬೇಕು. ಬೆಳಿಗ್ಗೆ ಹೊರಟರೆ ಒಳ್ಳೆಯ ಹೊತ್ತು ದಾರಿಯಲ್ಲೇ ಕಳೆಯುತ್ತದೆ, ಹಾಗಾಗಿ ಹಿಂದಿನ ಸಂಜೆಯೇ ಹೋಗಿ ಉಳಿದುಕೊಳ್ಳುತ್ತೇನೆ. ದಿನ ಗೊತ್ತು ಮಾಡಲು ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆಗೆ ಕಾರವಾರದಲ್ಲಿ ಭರತ, ಅಂದರೆ ಸಮುದ್ರದ ಉಬ್ಬರ, ತುಂಬುವುದು ಸುಮಾರು ಹನ್ನೊಂದು ಗಂಟೆಗೆ. ಅಲ್ಲಿಂದ ಮುಂದೆ ದಿನಕ್ಕೆ ಮುಕ್ಕಾಲು ತಾಸು, ಒಂದೊಂದು ದಿನ ಅದಕ್ಕೂ ಹೆಚ್ಚು ತಡವಾಗುತ್ತ ಹೋಗುತ್ತದೆ. ಅಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚಿನ ದಿನಗಳಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ನೀರು ಏರುತ್ತಲೇ ಇರುತ್ತದೆ. ಏರುವ ನೀರಿನ ಜೊತೆ ಶೇವಟೆ, ತಾರ್ಲೆ ಮೀನುಗಳು ಅಳಿವೆಯತ್ತ ಬರುತ್ತವೆ, ಅವುಗಳ ಹಿಂದೆ ಡಾಲ್ಫಿನ್. ನಾನು ಕಂಡ ಮಟ್ಟಿಗೆ ಇದು ತಪ್ಪುವುದು ಅಪರೂಪ. ಇಳಿತದ ಹೊತ್ತಿನಲ್ಲಿ ನದಿಯ ನೀರು ಹೊರಗೆ ನುಗ್ಗುತ್ತ ಸಮುದ್ರದ ಅಲೆಗೆ ಎದುರಾಗುತ್ತದೆ. ಅಳಿವೆಯ ಬಾಯಲ್ಲಿ ಮರಳು ದಿಬ್ಬವೂ ಇರುವುದರಿಂದ ಆಗ ದೋಣಿ ಬಹಳ ಕುಲುಕುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಬೆಳಿಗ್ಗೆಯೇ ಏಕೆ ಎಂದರೆ ಗಾಳಿ. ಹನ್ನೊಂದರ ನಂತರ ಪಡುವಣ ಗಾಳಿ ಎದ್ದು ನೀರಿನ ಮೇಲೆಲ್ಲ ಬಿಳಿ ನೊರೆ ಹುಟ್ಟುತ್ತದೆ. ಆ ನೊರೆಯ ನಡುವೆ ಗೇಣುದ್ದದ ಬೆನ್ನಿನ ರೆಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲ ಹೇಗೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ನನಗೆ ಹಿಡಿಸಿದ್ದು ನವೆಂಬರ್‌ನಿಂದ ಫೆಬ್ರವರಿ.

ಇನ್ನು ದಂಡೆಯ ಮಾತು. ಸಾಮಾನ್ಯವಾಗಿ ಆಗುವುದು ಹೀಗೆ: ದೋಣಿ ಹತ್ತಿದವರು ಒಂದು ರೆಕ್ಕೆ ಕಂಡ ಕೂಡಲೇ ‘ಅಲ್ಲಿ, ಅಲ್ಲಿ, ಹತ್ತಿರ ಹೋಗಿ’ ಎಂದು ಕೂಗುತ್ತಾರೆ. ತಾಂಡೇಲ, ಅಂದರೆ ದೋಣಿ ನಡೆಸುವವನು, ಇಂಜಿನ್ ಜೋರು ಮಾಡಿ ನೇರ ಅದರ ಮೇಲೆಯೇ ಹೋಗುತ್ತಾನೆ. ಇನ್ನೆರಡು ದೋಣಿ ಆಚೆಯಿಂದ ಬರುತ್ತವೆ. ಡಾಲ್ಫಿನ್ ಮುಳುಗಿ ಎಲ್ಲೋ ದೂರ ಏಳುತ್ತದೆ, ಮತ್ತೆ ಅಟ್ಟಾಟ. ಇದಕ್ಕೆ ತಾಂಡೇಲನನ್ನು ದೂರಿ ಫಲವಿಲ್ಲ. ಒಬ್ಬರ ಹತ್ತಿರ ಈ ಮಾತು ತೆಗೆದಾಗ ಅವರು ಹೇಳಿದ್ದು: “ನಮಗೂ ಗೊತ್ತು ಸರ್, ಓಡಿಸಿದ್ರೆ ಅವು ನಿಲ್ಲೂದಿಲ್ಲ. ಹತ್ರ ತೋರಿಸ್ಲಿಲ್ಲ ಅಂದ್ರೆ ಜನ ದುಡ್ಡು ಕೊಡೂಕೆ ತಕರಾರು ಮಾಡ್ತಾರೆ.”

ಹಾಗಾಗಿ ನಾನು ಮೊದಲು ಆ ಭಯ ತೆಗೆಯುತ್ತೇನೆ. “ಅಣ್ಣಾ, ಎರಡು ತಾಸಿಗೆ ಎಷ್ಟು ಹೇಳಿ. ಡಾಲ್ಫಿನ್ ಕಾಣಲಿ ಬಿಡಲಿ, ಪೂರ್ತಿ ದುಡ್ಡು ಕೊಡ್ತೆ. ಆದ್ರೆ ಹಿಂದೆ ಅಟ್ಟೂದು ಬೇಡ.” ದರವನ್ನು ಡಾಲ್ಫಿನ್‌ಗೆ ಕಟ್ಟದೆ ಹೊತ್ತಿಗೆ ಕಟ್ಟಿದರೆ ಅದೇ ತಾಂಡೇಲ ಬೇರೆಯೇ ಮನುಷ್ಯನಾಗುತ್ತಾನೆ. ಚಿಕ್ಕಂದಿನಿಂದ ಬಲೆ ಬೀಸಿದ ಕಣ್ಣು ಅದು. ಮೀನಿನ ಹಿಂಡು ಎಲ್ಲಿ ನೀರು ಕಲಕುತ್ತಿದೆ, ರೀವ ಹಕ್ಕಿಗಳು ಯಾವ ಕಡೆ ಮುಗಿಬಿದ್ದಿವೆ ಎಂದು ನನಗಿಂತ ಎಷ್ಟೋ ಮೊದಲು ಅವರಿಗೆ ತಿಳಿಯುತ್ತದೆ.

ಹಿಂಡು ಕಂಡ ಮೇಲೆ ಕನಿಷ್ಠ ಐವತ್ತು ಮೀಟರ್ ದೂರದಲ್ಲೇ ವೇಗ ಇಳಿಸಿ, ಅವು ಸಾಗುವ ದಿಕ್ಕಿಗೇ ಪಕ್ಕದಲ್ಲಿ ಸಾಗಲು ಹೇಳುತ್ತೇನೆ. ಎದುರಿನಿಂದ ಹೋಗುವುದಿಲ್ಲ, ಹಿಂಡಿನ ನಡುವೆ ನುಗ್ಗುವುದಿಲ್ಲ, ತಾಯಿ ಮರಿಯ ಮಧ್ಯೆಯಂತೂ ಇಲ್ಲವೇ ಇಲ್ಲ. ಆಮೇಲೆ ಇಂಜಿನ್ ನ್ಯೂಟ್ರಲ್. ಡಾಲ್ಫಿನ್ ಮೀನು ಹುಡುಕುವುದೂ ಒಂದನ್ನೊಂದು ಕರೆಯುವುದೂ ಶಬ್ದದಿಂದಲೇ. ಕಾಳಿಯ ಕೆಸರು ನೀರಿನಲ್ಲಿ ಕಣ್ಣು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ತಲೆಯ ಮೇಲೆ ಪ್ರೊಪೆಲ್ಲರ್ ಗಿರಗುಟ್ಟುತ್ತಿದ್ದರೆ ಅವು ಊಟ ಬಿಟ್ಟು ಹೋಗುತ್ತವೆ.

ಸುಮ್ಮನೆ ಕೂತರೆ ಮೊದಲು ಕಿವಿಗೇ ಬೀಳುತ್ತದೆ, ‘ಫುಸ್’ ಎಂದು ಉಸಿರು ಬಿಟ್ಟ ಸದ್ದು. ಆಮೇಲೆ ಉದ್ದ ಮೂತಿ ಮೇಲೆ ಬರುತ್ತದೆ, ಅದರ ಹಿಂದೆ ಗೂನು, ಗೂನಿನ ತುದಿಗೆ ಸಣ್ಣ ರೆಕ್ಕೆ. ಬೆನ್ನು ಬಿಲ್ಲಿನಂತೆ ಬಾಗಿ ಒಳಗೆ ಜಾರುತ್ತದೆ. ನಾಲ್ಕಾರು ಸಲ ಹೀಗೆ ಬೇಗ ಬೇಗ ಉಸಿರಾಡಿ, ಕೊನೆಯ ಸಲ ಬೆನ್ನನ್ನು ಹೆಚ್ಚು ಬಾಗಿಸಿ ಬಾಲ ಎತ್ತಿದರೆ ಅದು ಆಳಕ್ಕೆ ಹೋಯಿತೆಂದು ಅರ್ಥ. ಆಗ ಒಂದೆರಡು ನಿಮಿಷ ಕಾಯಬೇಕು. ಮರಿಯಿದ್ದರೆ ತಾಯಿಯ ಪಕ್ಕಕ್ಕೇ ಅಂಟಿಕೊಂಡು ಏಳುತ್ತದೆ. ಮೈಬಣ್ಣ ತೆಳು, ಗೂನು ಇನ್ನೂ ಮೂಡಿರುವುದಿಲ್ಲ. ಒಮ್ಮೆ ಅಂಥ ಜೋಡಿಯೊಂದು ತಾನಾಗಿಯೇ ನಮ್ಮ ದೋಣಿಯ ಪಕ್ಕದಲ್ಲಿ, ಹುಟ್ಟು ಚಾಚಿದರೆ ಮುಟ್ಟುವಷ್ಟು ಹತ್ತಿರ ಹಾದುಹೋಯಿತು. ತಾಯಿಯ ರೆಕ್ಕೆಯ ಹಿಂಬದಿಯಲ್ಲಿ ಹಳೆಯ ಗಾಯದ ಕಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು. ಅಟ್ಟಿಕೊಂಡು ಹೋದ ಯಾವ ದೋಣಿಯವರಿಗೂ ಅದು ಅಷ್ಟು ಹತ್ತಿರದಿಂದ ಕಂಡಿರಲಿಕ್ಕಿಲ್ಲ. ಈ ಜಾತಿ ಜಾಗತಿಕ ನಿಸರ್ಗ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೂ ಇದೆ, ಹುಲಿಯ ಸಾಲಿನಲ್ಲೇ. ಕಾಡಿನಲ್ಲಿ ಹುಲಿಯನ್ನು ಜೀಪಿನಲ್ಲಿ ಅಟ್ಟಲು ಒಪ್ಪದ ನಾವು ಇಲ್ಲಿ ದೋಣಿಯಲ್ಲಿ ಅಟ್ಟುವುದನ್ನು ಒಪ್ಪುವುದು ನನಗೆ ಸಹಿಸುವುದಿಲ್ಲ.

ಕೂರ್ಮಗಡದ ಕಡೆ ಹೋದರೆ ತಲೆ ಎತ್ತಿಯೂ ನೋಡಿ. ಬಿಳಿ ಹೊಟ್ಟೆಯ ಕಡಲ ಹದ್ದು ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟಿ ವರ್ಷ ವರ್ಷ ಅದನ್ನೇ ರಿಪೇರಿ ಮಾಡಿಕೊಳ್ಳುತ್ತದೆ. ಮೀನಷ್ಟೇ ಅಲ್ಲ, ಸಮುದ್ರದ ಹಾವನ್ನೂ ಹಿಡಿದು ಒಯ್ಯುತ್ತದೆ. ಅಂಜುದೀವ್ ದ್ವೀಪದ ಕಡೆ ನೌಕಾನೆಲೆ ಇರುವುದರಿಂದ ದೋಣಿ ಹೋಗುವುದಿಲ್ಲ, ಒತ್ತಾಯ ಮಾಡಬೇಡಿ.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹಲವರು ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಜಾಕೆಟ್ ಹಾಕಿ, ಬಕಲ್ ಬಿಗಿದು, ಎಳೆದು ನೋಡಿದ ಮೇಲೆಯೇ ದೋಣಿ ಬಿಡಲು ಹೇಳುತ್ತೇನೆ. ಜನ ಹೆಚ್ಚಾದರೆ ಇಳಿದುಬಿಡುತ್ತೇನೆ.

ಹೊತ್ತು ಉಳಿದರೆ ಸಮುದ್ರದಲ್ಲೇ ಸುತ್ತುವ ಬದಲು ದೋಣಿಯನ್ನು ಕಾಳಿಯ ಒಳಕ್ಕೆ, ಸೇತುವೆ ದಾಟಿ ಕಾಳಿಮಾತಾ ದ್ವೀಪದ ಕಡೆಗೆ ತಿರುಗಿಸಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಏಡಿ, ಬೆಳ್ಳಕ್ಕಿ, ಮಿಂಚುಳ್ಳಿ, ಅದೃಷ್ಟವಿದ್ದರೆ ನೀರುನಾಯಿಯೂ ಸಿಗುತ್ತದೆ. ಆದರೆ ಭರತ ತುಂಬುವ ಮೊದಲೇ ಅಲ್ಲಿರಬೇಕು. ಬೇರುಗಳೆಲ್ಲ ಮುಳುಗಿದ ಮೇಲೆ ಹೋದರೆ ಹಸಿರು ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ.